ಲ್ಯಾರಿ ಮನ್ಸನ್: ನಮ್ಮ ಜೊತೆ ಕೂತು ಹೆದರುತ್ತಿದ್ದ ದನಿ

ನಿಮ್ಮ ಪ್ರಶ್ನೆ ಇದು: ಅಮೆರಿಕದಲ್ಲಿ ಕಾಲೇಜು ಫುಟ್‌ಬಾಲ್‌ಗೆ ರೇಡಿಯೊ ಕಾಮೆಂಟರಿ ಹೇಳುವವರನ್ನು ಜನ ಮನೆಯವರ ಹಾಗೆ ಹಚ್ಚಿಕೊಳ್ಳುತ್ತಾರಂತೆ, ಟಿವಿ ಇರುವಾಗ ರೇಡಿಯೊ ಯಾಕೆ ಬೇಕು?

ಎಲ್ಲರ ಬಗ್ಗೆ ನಾನು ಹೇಳಲಾರೆ. ನಾನು ಕೇಳಿದ್ದು ಒಬ್ಬರನ್ನೇ. ಲ್ಯಾರಿ ಮನ್ಸನ್. ಜಾರ್ಜಿಯಾ ವಿಶ್ವವಿದ್ಯಾಲಯದ 'ಬುಲ್‌ಡಾಗ್ಸ್' ತಂಡದ ಆಟಗಳನ್ನು 1966ರಿಂದ 2008ರವರೆಗೆ ರೇಡಿಯೊದಲ್ಲಿ ಹೇಳಿದವರು.

ನಾನು ಮೈಸೂರಿನಿಂದ ಅಥೆನ್ಸ್‌ಗೆ ಓದಲು ಹೋದಾಗ ಒಬ್ಬ ವಯಸ್ಸಾದವರ ಮನೆಯ ಹಿಂದಿನ ರೂಮಿನಲ್ಲಿ ಬಾಡಿಗೆಗಿದ್ದೆ. (ಇದು ಜಾರ್ಜಿಯಾ ರಾಜ್ಯದ ಅಥೆನ್ಸ್, ಗ್ರೀಸ್ ದೇಶದ್ದಲ್ಲ.) ಶನಿವಾರ ಆಟ ಇದ್ದರೆ ನಮ್ಮ ಓನರ್ ನನ್ನನ್ನೂ ಕರೆಯುತ್ತಿದ್ದರು. ಟಿವಿ ಹಾಕಿ ಅದರ ಸದ್ದು ಪೂರ್ತಿ ಕಡಿಮೆ ಮಾಡುವರು. ಆಮೇಲೆ ಒಂದು ಹಳೇ ರೇಡಿಯೊವನ್ನು ಕಿಟಕಿಯ ಕಟ್ಟೆ ಮೇಲಿಟ್ಟು, ಆಂಟೆನಾವನ್ನು ಅತ್ತಿತ್ತ ತಿರುಗಿಸಿ, ದನಿ ಸರಿಯಾದ ಜಾಗದಲ್ಲಿ ಕೈ ಬಿಡುವರು. ಟಿವಿಯ ಸ್ಪೀಕರ್ ಕೆಟ್ಟಿದೆ ಅಂದುಕೊಂಡಿದ್ದೆ ನಾನು. ಆಮೇಲೆ ನೋಡಿದರೆ ಊರಲ್ಲಿ ಎಷ್ಟೋ ಮನೆಯಲ್ಲಿ ಹೀಗೇ.

ಕಾರಣ ಸರಳ. ಟಿವಿಯವರು ಎರಡೂ ತಂಡದವರಿಗೆ ಸಮನಾಗಿ ಮಾತಾಡಬೇಕು. ರೇಡಿಯೊ ಹಾಗಲ್ಲ. ದೊಡ್ಡ ಕಾಲೇಜುಗಳಿಗೆ ತಮ್ಮದೇ ರೇಡಿಯೊ ಜಾಲ ಇರುತ್ತದೆ, ತಮ್ಮದೇ ದನಿ ಇರುತ್ತದೆ. ಮನ್ಸನ್ 'ಜಾರ್ಜಿಯಾ' ಅನ್ನುವ ಬದಲು 'ನಾವು' ಅನ್ನುತ್ತಿದ್ದರು. ಇದು ಪಕ್ಷಪಾತ ಅಲ್ವಾ ಎಂದು ಕೇಳಿದರೆ, ಹೌದು. ಆದರೆ ಎದುರಾಳಿ ಊರಿನವರಿಗೂ ಅವರದೇ ದನಿ ಇದೆಯಲ್ಲ, ಯಾರಿಗೂ ಮೋಸವಿಲ್ಲ.

'ನಾವು' ಅನ್ನುವವರು ಇನ್ನೂ ಬೇಕಾದಷ್ಟು ಜನ ಇದ್ದರು. ಮನ್ಸನ್ ಅವರಲ್ಲಿ ಬೇರೆಯದೊಂದು ಇತ್ತು. ಅವರು ಹೆದರುತ್ತಿದ್ದರು. ಗೊಗ್ಗರು ದನಿಯಲ್ಲಿ, ಆಟ ಶುರುವಾಗುವ ಮೊದಲೇ, ಎದುರಿನ ತಂಡದ ಶಕ್ತಿಯನ್ನೆಲ್ಲ ಎಣಿಸಿ ಹೇಳುತ್ತಿದ್ದರು. ಅದು ಸುಮಾರಾದ ತಂಡವಾಗಿದ್ದರೂ ಸರಿ, ಇವತ್ತು ನಮ್ಮ ಕತೆ ಮುಗಿಯಿತು ಅನ್ನಿಸಬೇಕು, ಹಾಗೆ. ಅಭಿಮಾನಿಯ ಹೊಟ್ಟೆಯೊಳಗಿನ ಸಂಕಟ ಅವರ ಬಾಯಲ್ಲಿ ಬರುತ್ತಿತ್ತು. ಜನ ಅವರನ್ನು ಹಚ್ಚಿಕೊಂಡದ್ದು ಇದಕ್ಕೇ ಎಂದು ನನ್ನ ನಂಬಿಕೆ.

1980ರ ನವೆಂಬರ್ 8ರ ಆಟ ಕೇಳಿ, ಗೊತ್ತಾಗುತ್ತದೆ. ಜಾಕ್ಸನ್‌ವಿಲ್‌ನಲ್ಲಿ ಫ್ಲಾರಿಡಾ ವಿರುದ್ಧ. ಇದು ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕನ್ ಫುಟ್‌ಬಾಲ್. ಜಾರ್ಜಿಯಾ 20, ಫ್ಲಾರಿಡಾ 21. ಉಳಿದಿದ್ದು ಒಂದು ನಿಮಿಷ ಚಿಲ್ಲರೆ. ಚೆಂಡು ಜಾರ್ಜಿಯಾ ಕೈಯಲ್ಲೇ ಇದೆ, ಆದರೆ ಮುಂದೆ 93 ಗಜ ಬಾಕಿ. ಬಕ್ ಬೆಲ್ಯೂ ಓಡುತ್ತಲೇ ಎಸೆದ. ಲಿಂಡ್ಸೆ ಸ್ಕಾಟ್ ಹಿಡಿದ, ಹಿಡಿದವನು ಓಡಿದ.

ಆಗ ಮನ್ಸನ್ ಬಾಯಲ್ಲಿ ಬರೀ ಅಂಕಿ. ಮೂವತ್ತೈದು, ನಲವತ್ತು, ನಲವತ್ತೈದು, ಐವತ್ತು, ನಲವತ್ತೈದು, ನಲವತ್ತು... ಮೊದಲ ಸಲ ರೆಕಾರ್ಡಿಂಗ್ ಕೇಳಿದಾಗ ನನಗೆ ತಲೆಬುಡ ತಿಳಿಯಲಿಲ್ಲ. ಏರುತ್ತಿದ್ದ ಅಂಕಿ ಇಳಿಯುತ್ತಿದೆ ಯಾಕೆ? ಓನರ್ ಪೇಪರ್ ನ್ಯಾಪ್ಕಿನ್ ಮೇಲೆ ಮೈದಾನದ ಚಿತ್ರ ಬರೆದು ತೋರಿಸಿದರು. 100 ಗಜದ ಮೈದಾನ, ನಡುವೆ 50ರ ಗೆರೆ. ಅದು ದಾಟಿದರೆ ಅಂಕಿ ಇಳಿಯುತ್ತಾ ಹೋಗುತ್ತದೆ, ಸೊನ್ನೆ ಮುಟ್ಟಿದರೆ ಗೆದ್ದ ಹಾಗೆ. ಎರಡನೇ ಸಲ ಕೇಳಿದಾಗ ಮೈ ಜುಂ ಅಂದಿತು. ಅಂಕಿ ಇಳಿಯುವಾಗ ನಡುವೆ ಒಂದೇ ಒಂದು ಕೂಗು: 'ರನ್, ಲಿಂಡ್ಸೆ!' ಅದು ವಿವರಣೆ ಅಲ್ಲವೇ ಅಲ್ಲ. ಮಗನನ್ನು ಓಡು ಎಂದು ಕೂಗಿದ ಹಾಗಿದೆ.

ಆಮೇಲೆ ತಾವು ಕೂತಿದ್ದ ಕಬ್ಬಿಣದ ಕುರ್ಚಿ ಮುರಿದುಹೋಯಿತು ಎಂದು ಹೇಳುತ್ತಾರೆ. ನನಗೆ ಅದಕ್ಕಿಂತ ಇಷ್ಟವಾದದ್ದು ಮುಂದಿನ ಮಾತು. ನಾನು ಕೈಚೆಲ್ಲಿದ್ದೆ, ನೀವೂ ಅಷ್ಟೇ, ಅನ್ನುತ್ತಾರೆ. ಲಕ್ಷಾಂತರ ಜನ ಮನಸ್ಸಲ್ಲಿ ಸೋಲು ಒಪ್ಪಿಕೊಂಡು ಕೂತಿದ್ದರು. ನಾನೂ ನಿಮ್ಮ ಹಾಗೇ ಇದ್ದೆ ಎಂದು ಮೈಕ್ ಮುಂದೆ ಯಾರು ಹೇಳುತ್ತಾರೆ ಹೇಳಿ? ಆ ವರ್ಷ ಜಾರ್ಜಿಯಾ ಒಂದೂ ಆಟ ಸೋಲದೆ ರಾಷ್ಟ್ರೀಯ ಚಾಂಪಿಯನ್ ಆಯಿತು.

ನಾನು ನೇರವಾಗಿ ಕೇಳಿದ್ದರಲ್ಲಿ ಮರೆಯದ್ದು 2001ರ ಅಕ್ಟೋಬರ್ 6. ಟೆನೆಸೀ ತಂಡದ ಊರು ನಾಕ್ಸ್‌ವಿಲ್‌ನಲ್ಲಿ, ಆಟ ಮುಗಿಯಲು 5 ಸೆಕೆಂಡು ಇರುವಾಗ ಜಾರ್ಜಿಯಾ ಗೆಲುವಿನ ಗೆರೆ ಮುಟ್ಟಿತು. 26-24. ಮೊಳೆ ಹೊಡೆದ ಬೂಟಿನಲ್ಲಿ ಅವರ ಮುಖ ತುಳಿದು ಮೂಗು ಮುರಿದೆವು ಎಂದು ಮನ್ಸನ್ ಕಿರುಚಿದರು. ಓನರ್ ಸೋಫಾದಿಂದ ಎದ್ದವರು ಟಿವಿ ಕಡೆ ಹೋಗಲಿಲ್ಲ. ರೇಡಿಯೊ ಹತ್ತಿರ ಹೋಗಿ ಅದರ ಮೇಲೆ ಕೈಯಿಟ್ಟು ನಿಂತರು.

ನನಗೆ ತಕ್ಷಣ ನಮ್ಮಜ್ಜಿ ನೆನಪಾದರು. ಮಂಡಿನೋವಿಗೆ ದಸರಾ ನೋಡಲು ಹೋಗಲಾಗದೆ, ಆಕಾಶವಾಣಿಯಲ್ಲಿ ಜಂಬೂಸವಾರಿಯ ವೀಕ್ಷಕ ವಿವರಣೆ ಕೇಳುತ್ತಾ ಕೂರುತ್ತಿದ್ದರು. ಅಂಬಾರಿ ಬಂತು ಅಂದ ಕೂಡಲೇ ರೇಡಿಯೊಗೇ ಕೈಮುಗಿಯುತ್ತಿದ್ದರು.

ಮನ್ಸನ್ 2008ರ ಸೆಪ್ಟೆಂಬರ್‌ನಲ್ಲಿ ನಿವೃತ್ತರಾದರು, ಆಗ ಅವರಿಗೆ 86 ತುಂಬುವುದರಲ್ಲಿತ್ತು. 2011ರ ನವೆಂಬರ್ 20ರಂದು ತೀರಿಕೊಂಡರು. ವಿಶ್ವವಿದ್ಯಾಲಯದ ಸ್ಯಾನ್‌ಫರ್ಡ್ ಕ್ರೀಡಾಂಗಣದಲ್ಲೇ ಅವರ ನೆನಪಿನ ಸಭೆ ಆಯಿತು. ಅಭಿಮಾನಿಗಳು ಅವರ ಹಳೇ ರೆಕಾರ್ಡಿಂಗ್‌ಗಳನ್ನು ಇವತ್ತಿಗೂ ಹಾಕಿಕೊಂಡು ಕೇಳುತ್ತಾರೆ. ಎಷ್ಟೋ ಜನಕ್ಕೆ ಲಿಂಡ್ಸೆ ಓಟ ಪದ ಪದವೂ ಬಾಯಿಪಾಠ.

1980ರ ನಂತರ ಜಾರ್ಜಿಯಾ ಮತ್ತೆ ಚಾಂಪಿಯನ್ ಆಗಿದ್ದು 2022ರ ಜನವರಿಯಲ್ಲಿ, ಅಲಬಾಮಾ ವಿರುದ್ಧ 33-18. ಕೊನೆಯಲ್ಲಿ ಕೀಲಿ ರಿಂಗೊ ಎದುರಾಳಿಯ ಚೆಂಡು ಹಿಡಿದು 79 ಗಜ ಓಡಿದ. ನಾನು ಅಟ್ಲಾಂಟಾದ ಮನೆಯಲ್ಲಿ ಗಟ್ಟಿಯಾಗಿ ಅಂಕಿ ಎಣಿಸುತ್ತಿದ್ದೆ, ಏರುವುದು, ಆಮೇಲೆ ಇಳಿಯುವುದು. ಆಟ ಮುಗಿದ ಸ್ವಲ್ಪ ಹೊತ್ತಿಗೆ ಓನರ್ ಫೋನ್ ಬಂತು. ಗೆದ್ದೆವು ಅಂತ ಅವರು ಹೇಳಲೇ ಇಲ್ಲ. "ಲ್ಯಾರಿ ಇದ್ದಿದ್ದರೆ ಆ ಹುಡುಗ ಗೆರೆ ಮುಟ್ಟುವ ತನಕ ನಾವು ಸೋತೆವು ಅಂತಲೇ ಹೇಳ್ತಿದ್ದ" ಅಂದರು. ಆಮೇಲೆ ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ.