ಜಗಳ ನಿಂತ ಮೇಲೆ: ಉಳಿಸಿಕೊಳ್ಳುವುದೋ, ಬಿಡುವುದೋ ಎಂಬ ಒಂದು ಪ್ರಕರಣ

ಈ ದಂಪತಿಯ ಗುರುತು ಹತ್ತಬಾರದೆಂದು ವಯಸ್ಸು, ಉದ್ಯೋಗ ಮತ್ತು ಕುಟುಂಬದ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಸಮಸ್ಯೆಯ ಸ್ವರೂಪ ಇದ್ದಂತೆಯೇ ಇದೆ. ಮದುವೆಯಾಗಿ ಹನ್ನೊಂದು ವರ್ಷ, ಎಂಟು ವರ್ಷದ ಮಗಳು, ಇಬ್ಬರಿಗೂ ಸಂಬಳದ ಕೆಲಸ. ಪತ್ನಿ ಆಗಲೇ ವಕೀಲರೊಬ್ಬರನ್ನು ಕಂಡು ಬಂದಿದ್ದರು. ಅದು ತಿಳಿದ ಮೇಲೆ ಪತಿಯೇ ಸಮಾಲೋಚನೆಗೆ ಸಮಯ ಕೇಳಿದ್ದರು. ಪತ್ನಿಯೂ ಬಂದರು, ಆದರೆ ಕೂರುವ ಮೊದಲೇ, "ಇವರು ಕೇಳಿಕೊಂಡರೆಂದು ಬಂದಿದ್ದೇನೆ, ನನ್ನ ಮನಸ್ಸೇನೂ ಬದಲಾಗಿಲ್ಲ" ಎಂದು ಸ್ಪಷ್ಟಪಡಿಸಿದರು.

ಒಬ್ಬರು ಹೊರಟು ನಿಂತಿರುವಾಗ, ಇನ್ನೊಬ್ಬರು ಹೇಗಾದರೂ ಉಳಿಸಿಕೊಳ್ಳಬೇಕೆಂದು ಹಟ ಹಿಡಿದಿರುವಾಗ, ಇಬ್ಬರನ್ನೂ ನೇರವಾಗಿ ದಾಂಪತ್ಯ ಚಿಕಿತ್ಸೆಗೆ ಕೂರಿಸಿದರೆ ಹೆಚ್ಚಿನ ಪ್ರಯೋಜನವಾಗುವುದಿಲ್ಲ. ಹೊರಟವರು ಅರೆಮನಸ್ಸಿನಿಂದ ನಾಲ್ಕು ಸಲ ಬಂದು, "ಅದನ್ನೂ ಮಾಡಿ ನೋಡಿದ್ದಾಯಿತು" ಎಂದು ಎದ್ದುಹೋಗುತ್ತಾರೆ. ಇಂಥ ಜೋಡಿಗಳಿಗೆಂದೇ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದ ವಿಲಿಯಂ ಡೋಹರ್ಟಿ ಅವರು ಡಿಸರ್ನ್‌ಮೆಂಟ್ ಕೌನ್ಸೆಲಿಂಗ್ ಎಂಬ ಕ್ರಮವನ್ನು ರೂಪಿಸಿದ್ದಾರೆ. ಹೆಚ್ಚೆಂದರೆ 5 ಭೇಟಿಗಳಲ್ಲಿ ಮುಗಿಯುವ ಈ ಕ್ರಮದಲ್ಲಿ ದಾಂಪತ್ಯವನ್ನು ಸರಿಪಡಿಸುವ ಪ್ರಯತ್ನವೇ ಇರುವುದಿಲ್ಲ. ಮುಂದೆ ಯಾವ ದಾರಿ ಎಂಬುದು ಇಬ್ಬರಿಗೂ ನಿಚ್ಚಳವಾಗಬೇಕು, ಅಷ್ಟೇ. ದಾರಿಗಳು ಮೂರು: ಈಗಿರುವಂತೆಯೇ ಇರುವುದು, ಬೇರೆಯಾಗುವುದು, ಅಥವಾ 6 ತಿಂಗಳ ಕಾಲ ವಿಚ್ಛೇದನದ ಮಾತನ್ನು ಬದಿಗಿಟ್ಟು ಪೂರ್ಣ ಮನಸ್ಸಿನಿಂದ ಚಿಕಿತ್ಸೆಯಲ್ಲಿ ತೊಡಗುವುದು. ಪ್ರತಿ ಭೇಟಿಯಲ್ಲೂ ಹೆಚ್ಚಿನ ಸಮಯ ಒಬ್ಬೊಬ್ಬರೊಡನೆ ಪ್ರತ್ಯೇಕ ಮಾತಿಗೇ ಮೀಸಲು.

ಮೊದಲು ಇಬ್ಬರನ್ನೂ ಬೇರೆ ಬೇರೆಯಾಗಿ ಕೂರಿಸಿಕೊಂಡು, ಮನೆಯಲ್ಲಿ ಹೊಡೆತ, ಬೆದರಿಕೆ ಇದೆಯೇ, ಹಣ, ಫೋನು, ಓಡಾಟದ ಮೇಲೆ ಕಾವಲಿದೆಯೇ, ಮನಸ್ಸಿನಲ್ಲಿರುವುದನ್ನು ಹೇಳಿದರೆ ಮುಂದೇನಾದೀತೋ ಎಂಬ ಭಯವಿದೆಯೇ ಎಂದು ವಿಚಾರಿಸಿದೆ. ಇವುಗಳಲ್ಲಿ ಒಂದಿದ್ದರೂ ಉಳಿಸುವ, ಬಿಡುವ ಚರ್ಚೆಗೆ ಕೈ ಹಾಕಬಾರದು. ಅಲ್ಲಿ ಸುರಕ್ಷತೆಯೇ ಮೊದಲ ಕೆಲಸ, ಮತ್ತು ಜಂಟಿ ಮಾತುಕತೆಯೇ ಅಪಾಯ ತರಬಹುದು. ಈ ಪ್ರಕರಣದಲ್ಲಿ ಅಂಥದ್ದೇನೂ ಇರಲಿಲ್ಲ. ಮೂರನೆಯ ವ್ಯಕ್ತಿಯೂ ಇರಲಿಲ್ಲ.

ಪ್ರತ್ಯೇಕ ಮಾತಿಗೆ ಕುಳಿತ ಪತಿ ಫೋನ್ ತೆಗೆದು ಒಂದು ಪಟ್ಟಿ ಓದಿದರು. ಮನೆಯ ಸಾಲದ ಕಂತು, ಮಗಳ ಶುಲ್ಕ, ಅತ್ತೆಯ ಶಸ್ತ್ರಚಿಕಿತ್ಸೆಯ ವೇಳೆ ಆಸ್ಪತ್ರೆಯಲ್ಲಿ ಕಳೆದ ರಾತ್ರಿಗಳು, ಹೆಂಡತಿಯ ಕೆಲಸಕ್ಕೆ ಹತ್ತಿರವಾಗಲೆಂದು ಬದಲಿಸಿದ ಮನೆ, ಎಲ್ಲವೂ ಅದರಲ್ಲಿದ್ದವು. ಒಂದೂ ಸುಳ್ಳಲ್ಲ. "ಇದರಲ್ಲಿ ಅವರಾಗಿ ಕೇಳಿದ್ದು ಯಾವುದು?" ಎಂದೆ. ಅವರು ಪಟ್ಟಿಯನ್ನು ಬೆರಳಿನಿಂದ ಮೇಲೆ ಕೆಳಗೆ ಸರಿಸುತ್ತಾ ಹೋಗಿ ಆಸ್ಪತ್ರೆಯ ಸಾಲಿನ ಬಳಿ ನಿಂತರು. ಬಳಿಕ, "ನಾಲ್ಕು ವರ್ಷದಿಂದ ಅವಳು ಏನನ್ನೂ ಕೇಳಿಲ್ಲ. ಜಗಳವೂ ಇರಲಿಲ್ಲ. ಎಲ್ಲ ಸರಿಹೋಯಿತು ಅಂದುಕೊಂಡಿದ್ದೆ" ಎಂದರು.

ಅದೇ ನಾಲ್ಕು ವರ್ಷಗಳನ್ನು ಪತ್ನಿ ಬೇರೆಯಾಗಿಯೇ ವಿವರಿಸಿದರು. ಮೊದಮೊದಲು ಅವರು ಸಂಜೆ ಒಂದಿಷ್ಟು ಹೊತ್ತು ಕೂತು ಮಾತಾಡೋಣ ಎಂದು ಕೇಳುತ್ತಿದ್ದರು, ಆಮೇಲೆ ಅದಕ್ಕಾಗಿ ಜಗಳವಾಡುತ್ತಿದ್ದರು, ನೆಂಟರೆದುರು ಗಂಡ ತಮ್ಮನ್ನು ಗೇಲಿ ಮಾಡಿದಾಗ ರಾತ್ರಿಯೆಲ್ಲ ವಾದಿಸುತ್ತಿದ್ದರು. ಒಂದು ಹಂತದಲ್ಲಿ ಅದೆಲ್ಲವನ್ನೂ ಬಿಟ್ಟುಬಿಟ್ಟರು. "ಇವರು ಬೀಗ ತೆಗೆಯುವ ಸದ್ದು ಕೇಳಿದರೆ ಕೈಯಲ್ಲಿದ್ದ ಕೆಲಸ ಹಿಡಿದುಕೊಂಡೇ ಪಕ್ಕದ ಕೋಣೆಗೆ ಹೋಗುತ್ತೇನೆ. ಸಿಟ್ಟಿನಿಂದಲ್ಲ ಮೇಡಂ, ಅಭ್ಯಾಸವಾಗಿಬಿಟ್ಟಿದೆ" ಎಂದರು.

ಜಗಳವಾಡುವ ದಂಪತಿಗಿಂತ ಜಗಳ ಬಿಟ್ಟ ದಂಪತಿಯ ಬಗ್ಗೆ ನನಗೆ ಹೆಚ್ಚು ಆತಂಕ. ದಂಪತಿಗಳನ್ನು ದೀರ್ಘಕಾಲ ಗಮನಿಸಿ ಅಧ್ಯಯನ ಮಾಡಿದ ಜಾನ್ ಗಾಟ್‌ಮನ್ ಅವರ ಪ್ರಕಾರ, ಗಂಡಹೆಂಡಿರ ಭಿನ್ನಾಭಿಪ್ರಾಯಗಳಲ್ಲಿ ಸುಮಾರು ಶೇ 69ರಷ್ಟು ಎಂದಿಗೂ ಪೂರ್ತಿ ಬಗೆಹರಿಯುವಂಥವಲ್ಲ. ಚೆನ್ನಾಗಿ ಬಾಳುವವರಿಗೂ ಅವು ಇದ್ದೇ ಇರುತ್ತವೆ. ಸಂಬಂಧವನ್ನು ಕೆಡಿಸುವ ನಡವಳಿಕೆಗಳೆಂದು ಅವರು ಗುರುತಿಸುವುದು ವ್ಯಕ್ತಿಯನ್ನೇ ದೂಷಿಸುವ ಟೀಕೆ, ತಿರಸ್ಕಾರ, ಸದಾ ತನ್ನನ್ನೇ ಸಮರ್ಥಿಸಿಕೊಳ್ಳುವುದು ಮತ್ತು ಮಾತಿಗೆ ಮುಖ ತಿರುಗಿಸಿ ಕೂರುವುದನ್ನು. ಇವುಗಳಲ್ಲಿ ವಿಚ್ಛೇದನದ ಅತ್ಯಂತ ಬಲವಾದ ಮುನ್ಸೂಚನೆ ತಿರಸ್ಕಾರ. ಗಂಡನ ಗೇಲಿ ಅದೇ ಜಾತಿಯದು. ಪತ್ನಿಯ ಪಾಲೂ ಇತ್ತು, ಅದನ್ನು ಅವರೇ ಮೂರನೆಯ ಭೇಟಿಯಲ್ಲಿ ಹೇಳಿದರು: ಮಗಳು ಏನಾದರೂ ಕೇಳಿದರೆ, ಗಂಡ ಅಲ್ಲೇ ಇದ್ದರೂ, "ನಿನ್ನ ಅಪ್ಪನಿಗೆ ಅದೆಲ್ಲ ಅರ್ಥವಾಗುವುದಿಲ್ಲ" ಎನ್ನುವುದು ಅವರ ಬಾಯಿಗೆ ರೂಢಿಯಾಗಿತ್ತು.

ಪತಿಗೆ ನಾನು ಕೊಟ್ಟ ಮೊದಲ ಸಲಹೆ ಅಂಗಲಾಚುವುದನ್ನು ನಿಲ್ಲಿಸಬೇಕೆಂಬುದು. ವಕೀಲರ ವಿಷಯ ತಿಳಿದ ದಿನದಿಂದ ಅವರು ಉಡುಗೊರೆ ತರುತ್ತಿದ್ದರು, ಹಗಲಿಗೆ ಹತ್ತು ಸಂದೇಶ ಕಳುಹಿಸುತ್ತಿದ್ದರು, ಅತ್ತೆ ಮಾವನಿಂದ ಬುದ್ಧಿ ಹೇಳಿಸುತ್ತಿದ್ದರು. ಪತ್ನಿಗೆ ಇವೆಲ್ಲ ಹೊಸ ಒತ್ತಡದಂತೆ ಕಂಡವೇ ಹೊರತು ಬದಲಾವಣೆಯಂತೆ ಕಾಣಲಿಲ್ಲ. ಹಿರಿಯರನ್ನು ಈ ಮಾತಿನಿಂದ ಹೊರಗಿಡಿ, ಗೇಲಿಯನ್ನು ಬಿಡಿ, ಬಿಟ್ಟಿದ್ದೇನೆಂದು ಹೇಳಿಕೊಳ್ಳುವುದನ್ನೂ ಬಿಡಿ ಎಂದು ತಿಳಿಸಿದೆ. ಪತ್ನಿಗೆ ಹೇಳಿದ್ದು ಬೇರೆ. ಉಳಿಯಬೇಕೆಂದು ನಾನು ಒತ್ತಾಯಿಸುವುದಿಲ್ಲ. ಆದರೆ ಹೊರಡುವುದಾದರೂ ಈ ದಾಂಪತ್ಯ ಕೆಟ್ಟದ್ದರಲ್ಲಿ ತಮ್ಮ ಪಾಲೇನು ಎಂಬುದನ್ನು ತಿಳಿದೇ ಹೊರಡುವುದು ಒಳ್ಳೆಯದು, ಏಕೆಂದರೆ ಆ ಪಾಲು ಅವರೊಂದಿಗೇ ಮುಂದಿನ ಮನೆಗೂ ಬರುತ್ತದೆ ಎಂದೆ.

ಮೂರರಲ್ಲಿ ಅತ್ಯಂತ ದುಬಾರಿಯಾದದ್ದು ಮೊದಲ ದಾರಿ ಎಂಬುದು ನನ್ನ ಅಭಿಪ್ರಾಯ. ಅದನ್ನು ಯಾರೂ ಆಯ್ಕೆಯೆಂದು ಆರಿಸಿಕೊಂಡಿರುವುದಿಲ್ಲ, ದಿನ ದೂಡುತ್ತಾ ಅದರಲ್ಲೇ ಇರುತ್ತಾರೆ. ಈ ಇಬ್ಬರೂ ಅದನ್ನು ಕೂಡಲೇ ತಳ್ಳಿಹಾಕಿದರು. ಪತ್ನಿ, ನನಗೂ ಸ್ವಲ್ಪ ಅಚ್ಚರಿಯಾಗುವಂತೆ, 6 ತಿಂಗಳ ದಾರಿಗೆ ಒಪ್ಪಿದರು. ಗಂಡನ ಮೇಲಿನ ನಂಬಿಕೆಯಿಂದಲ್ಲ, ಮಗಳು ದೊಡ್ಡವಳಾಗಿ ಕೇಳಿದಾಗ ಸರಿಯಾದ ಉತ್ತರ ಕೊಡಬೇಕೆಂದು ಎಂದರು. ಅದು ಸಾಕಷ್ಟು ಒಳ್ಳೆಯ ಕಾರಣ.

ಪ್ರಯತ್ನ ಫಲಿಸಿತೇ ಎಂಬುದನ್ನು ಪ್ರೀತಿ ಮರಳಿತೇ ಎಂದು ಕೇಳಿ ಅಳೆಯಬೇಡಿ, ಆ ಅಳತೆ ವಾರಕ್ಕೊಮ್ಮೆ ಏರಿ ಇಳಿಯುತ್ತದೆ ಎಂದು ಇಬ್ಬರಿಗೂ ಸೂಚಿಸಿದೆ. ಅದರ ಬದಲು ನೋಡಬೇಕಾದದ್ದು, ಜಗಳವಾದ ಮೇಲೆ ಯಾರಾದರೊಬ್ಬರು ಮಾತು ಕೂಡಿಸಲು ಮುಂದಾಗುತ್ತಾರೆಯೇ, ಆ ಪ್ರಯತ್ನವನ್ನು ಇನ್ನೊಬ್ಬರು ಸ್ವೀಕರಿಸುತ್ತಾರೆಯೇ, ಪತ್ನಿ ಮತ್ತೆ ಏನನ್ನಾದರೂ ಕೇಳಲು ಆರಂಭಿಸಿದ್ದಾರೆಯೇ ಎಂಬುದನ್ನು. ಮಾತು ಬಿಸಿಯೇರಿ ಎದೆಬಡಿತ ನಿಮಿಷಕ್ಕೆ 100 ದಾಟಿದಾಗ ಎದುರಿನವರ ಮಾತು ತಲೆಗೆ ಹೋಗುವುದು ಕಷ್ಟ. ಆಗ ಕನಿಷ್ಠ 20 ನಿಮಿಷ ದೂರವಾಗಿ, ಯಾವ ಹೊತ್ತಿಗೆ ಮತ್ತೆ ಕೂರುವುದೆಂದು ಹೇಳಿಯೇ ಎದ್ದುಹೋಗಬೇಕೆಂದೂ ಕಲಿಸಿದೆ.

ಗೇಲಿ ನಿಂತಿತು. ಮಗಳೆದುರಿನ ಮಾತೂ ನಿಂತಿತು. ಆದರೂ ಐದನೆಯ ತಿಂಗಳಲ್ಲಿ ಪತ್ನಿ, "ಈಗ ಇವರು ಒಳ್ಳೆಯವರಾಗಿ ಕಾಣುತ್ತಿದ್ದಾರೆ, ಆದರೆ ಇವರಿಂದ ನನಗೆ ಬೇಕಾದದ್ದು ಏನೂ ಉಳಿದಿಲ್ಲ" ಎಂದರು. ಒಪ್ಪಿದ ಅವಧಿ ಮುಗಿಯುವವರೆಗೆ ಕಾದರು, ಮನಸ್ಸು ಬದಲಾಗಲಿಲ್ಲ. ಪತಿ ಅತ್ತರು, ವಾದಿಸಲಿಲ್ಲ.

ಅಲ್ಲಿಂದ ಮುಂದಿನ ಸಲಹೆಯೆಲ್ಲ ಮಗಳ ಕುರಿತಾದದ್ದು. ತೀವ್ರ ಕಲಹದ ಮನೆಯ ಮಕ್ಕಳಿಗೆ ತಂದೆತಾಯಿ ಬೇರೆಯಾಗುವುದರಿಂದ ನಿರಾಳವಾಗುವುದುಂಟು. ಹೊರಗೆ ಶಾಂತವಾಗಿ ಕಾಣುವ ದಾಂಪತ್ಯ ಮುರಿದಾಗ ಮಕ್ಕಳಿಗೆ ಹೆಚ್ಚು ಪೆಟ್ಟಾಗುತ್ತದೆ ಎಂದು ಸಮಾಜಶಾಸ್ತ್ರಜ್ಞ ಪಾಲ್ ಅಮಾಟೊ ಅವರ ಸಂಶೋಧನೆ ತೋರಿಸಿದೆ, ಏಕೆಂದರೆ ಅವರಿಗೆ ಅದರ ಸುಳಿವೇ ಇರುವುದಿಲ್ಲ. ಈ ಮಗು ಎರಡನೆಯ ಗುಂಪಿಗೆ ಸೇರಿದ್ದರಿಂದ, ಇಬ್ಬರೂ ಒಟ್ಟಿಗೆ ಕೂತು ಒಂದೇ ಮಾತನ್ನು ಹೇಳಬೇಕು, ಯಾರ ತಪ್ಪೆಂದು ಹೇಳಬಾರದು, ಇದರಲ್ಲಿ ಅವಳ ತಪ್ಪಿಲ್ಲವೆಂದು ಕೇಳುವ ಮೊದಲೇ ಹೇಳಬೇಕು, ಅವಳ ಶಾಲೆ, ಮಲಗುವ ಕೋಣೆ, ಅಪ್ಪ ಸಿಗುವ ದಿನಗಳನ್ನು ಮೊದಲೇ ನಿಶ್ಚಯಿಸಿಕೊಂಡಿರಬೇಕು ಎಂದೆ. ಹೇಳಬೇಕಾದ ವಾಕ್ಯಗಳನ್ನು ಇಬ್ಬರೂ ನನ್ನೆದುರೇ ಬರೆದರು. "ಅಮ್ಮ ಬೇಡ ಅಂದಳು" ಎಂಬ ಸಾಲನ್ನು ಪತಿಯೇ ಹೊಡೆದುಹಾಕಿ, "ನಾವಿಬ್ಬರೂ ತೀರ್ಮಾನಿಸಿದ್ದೇವೆ" ಎಂದು ತಿದ್ದಿದರು.