ಆಸ್ಟ್ರೇಲಿಯಾದ ಕಡಲಿಗೆ ಇಳಿಯುವ ಮುನ್ನ: ಮೊದಲು ತಿಂಗಳು, ಆಮೇಲೆ ಊರು

ನೇತ್ರಾಣಿಯಲ್ಲಿ ಸ್ಕೂಬಾ ಡೈವಿಂಗ್‌ನ ಮೊದಲ ಹಂತವಾದ ಓಪನ್ ವಾಟರ್ ಕೋರ್ಸ್ ಮುಗಿಸಿದ್ದೀರಿ, ಡಿಸೆಂಬರ್‌ನಲ್ಲಿ ಮೂರು ವಾರ ರಜೆಯಿದೆ, ಆಸ್ಟ್ರೇಲಿಯಾಕ್ಕೆ ಒಂದು ಸುತ್ತು ಹಾಕಿ ಆದಷ್ಟು ಕಡಲಜೀವಿಗಳನ್ನು ನೋಡಬೇಕೆಂದಿದ್ದೀರಿ, ಯೋಜನೆ ಹೇಗಿರಬೇಕು ಎಂಬುದು ನಿಮ್ಮ ಪ್ರಶ್ನೆ. ಸುತ್ತು ಹಾಕುವ ಆಸೆಯನ್ನು ಬಿಡಿ. ಕಚೇರಿಯಲ್ಲಿ ಒಪ್ಪಿದರೆ ಡಿಸೆಂಬರನ್ನೂ ಬಿಡಿ. ಹನ್ನೊಂದು ವರ್ಷಗಳಿಂದ ಪರ್ತ್‌ನಲ್ಲಿದ್ದು, ರಜೆ ಸಿಕ್ಕಾಗಲೆಲ್ಲ ನೀರಿಗಿಳಿಯುವ ನನಗೆ ತಿಳಿದಿರುವ ಮಟ್ಟಿಗೆ, ಇಲ್ಲಿ ಊರಿಗಿಂತ ಮೊದಲು ನಿರ್ಧರಿಸಬೇಕಾದದ್ದು ತಿಂಗಳನ್ನು.

ಡಿಸೆಂಬರ್‌ನಲ್ಲಿ ಉತ್ತರ ಕ್ವೀನ್ಸ್‌ಲ್ಯಾಂಡಿನ ತೀರದಲ್ಲಿ ಪ್ರಾಣಕ್ಕೇ ಎರವಾಗಬಲ್ಲ ಬಾಕ್ಸ್ ಜೆಲ್ಲಿ ಮೀನುಗಳ ಕಾಟವಿರುತ್ತದೆ. ಅದು ಸುಮಾರು ನವೆಂಬರ್‌ನಿಂದ ಮೇ ತನಕ. ಚಂಡಮಾರುತದ ಕಾಲವೂ ಅದೇ. ಆ ಹೊತ್ತಿಗೆ ತಿಮಿಂಗಿಲ ಶಾರ್ಕ್‌ಗಳು ಪಶ್ಚಿಮ ತೀರವನ್ನು ಬಿಟ್ಟು ಹೋಗಿರುತ್ತವೆ. ರಜೆ ಬದಲಿಸಲು ಸಾಧ್ಯವೇ ಇಲ್ಲವೆಂದಾದರೆ ಪೂರ್ವ ತೀರದಲ್ಲೇ ಇದ್ದುಬಿಡಿ: ಹೆರನ್ ದ್ವೀಪದಲ್ಲಿ ಕಡಲಾಮೆಗಳು ಮೊಟ್ಟೆಯಿಡಲು ರಾತ್ರಿ ದಡ ಹತ್ತುವುದನ್ನೂ, ಬೈರನ್ ಬೇಯ ಜೂಲಿಯನ್ ರಾಕ್ಸ್‌ನಲ್ಲಿ ಚಿರತೆ ಶಾರ್ಕ್‌ಗಳನ್ನೂ ನೋಡಬಹುದು.

ಜೂನ್ ಕೊನೆಯಿಂದ ಜುಲೈ ಮಧ್ಯದವರೆಗೆ ರಜೆ ಸಿಕ್ಕರೆ ಮಾತೇ ಬೇರೆ. ಖಂಡದ ಮೂರು ಮೂಲೆಗಳಲ್ಲಿ ಮೂರು ಬೇರೆ ಬೇರೆ ಜೀವಿಗಳು ಏಕಕಾಲಕ್ಕೆ ಸಿಗುವ ದಿನಗಳವು. ಉತ್ತರ ಕ್ವೀನ್ಸ್‌ಲ್ಯಾಂಡಿನ ಕೇರ್ನ್ಸ್‌ನಿಂದ ಹೊರಟು ಹಡಗಿನಲ್ಲೇ ಉಳಿಯುವ ನಾಲ್ಕೈದು ದಿನಗಳ ಪ್ರವಾಸವನ್ನು ಮೊದಲಿಗೆ ಇಟ್ಟುಕೊಳ್ಳಿ. ಅಲ್ಲಿನ ಹವಳದ ದಿಬ್ಬಗಳ ಸಾಲು, ಗ್ರೇಟ್ ಬ್ಯಾರಿಯರ್ ರೀಫ್, ಸುಮಾರು 2300 ಕಿಲೋಮೀಟರ್ ಉದ್ದಕ್ಕೆ ಹಬ್ಬಿರುವುದರಿಂದ, ದಿನದ ದೋಣಿಯಲ್ಲಿ ಹೋಗಿ ಸಂಜೆಗೆ ಮರಳುವವರು ಕಾಣುವುದು ಅದರ ಅಂಚನ್ನು ಮಾತ್ರ. ಉತ್ತರದ ರಿಬ್ಬನ್ ರೀಫ್‌ಗಳ ಕಾಡ್ ಹೋಲ್ ಎಂಬಲ್ಲಿ, ನಮ್ಮ ಕರಾವಳಿಯವರು ಮುರು ಮೀನು ಎನ್ನುವ ಜಾತಿಯ ಆಳೆತ್ತರದ ಮೀನುಗಳು ಮುಖದ ಹತ್ತಿರಕ್ಕೇ ಬಂದು ನಿಲ್ಲುತ್ತವೆ. ಜೂನ್–ಜುಲೈಯಲ್ಲಿ ಅದೇ ನೀರಿಗೆ ಡ್ವಾರ್ಫ್ ಮಿಂಕಿ ತಿಮಿಂಗಿಲಗಳೂ ಬರುತ್ತವೆ. ಹಡಗಿನಿಂದ ಇಳಿಬಿಟ್ಟ ಹಗ್ಗ ಹಿಡಿದು ಸುಮ್ಮನೆ ತೇಲುವುದಷ್ಟೇ ನಿಮ್ಮ ಕೆಲಸ. ಬರುವುದು, ಬಿಡುವುದು ಅವುಗಳ ಮರ್ಜಿ. ಆ ತಿಂಗಳುಗಳಲ್ಲಿ ಆಗ್ನೇಯ ಗಾಳಿ ಬಲವಾಗಿ ಬೀಸುವುದರಿಂದ ವಾಂತಿಯ ಮಾತ್ರೆಯನ್ನು ಮರೆಯಬೇಡಿ. ಹವಳಗಳ ವಿಷಯದಲ್ಲಿ ನಿರೀಕ್ಷೆಯನ್ನು ಸ್ವಲ್ಪ ತಗ್ಗಿಸಿಕೊಳ್ಳಿ: 2016, 2017, 2020, 2022 ಮತ್ತು 2024ರಲ್ಲಿ ನೀರು ಬಿಸಿಯಾಗಿ ಹವಳಗಳು ವ್ಯಾಪಕವಾಗಿ ಬಿಳಿಚಿಕೊಂಡಿದ್ದವು.

ಎರಡನೆಯದು ದಕ್ಷಿಣ ಆಸ್ಟ್ರೇಲಿಯಾದ ವೈಆಲಾ. ಅಡಿಲೇಡ್‌ನಿಂದ ಕಾರಿನಲ್ಲಿ ನಾಲ್ಕು ಗಂಟೆಗೂ ಮಿಕ್ಕ ದಾರಿ. ಉಕ್ಕಿನ ಕಾರ್ಖಾನೆಯ ಈ ಊರನ್ನು ಪ್ರವಾಸಿಗರು ಸಾಮಾನ್ಯವಾಗಿ ಕಡೆಗಣಿಸುತ್ತಾರೆ. ನನ್ನನ್ನು ಕೇಳಿದರೆ ಇಡೀ ದೇಶದಲ್ಲಿ ಇದಕ್ಕೆ ಸಾಟಿಯಾದ ದೃಶ್ಯವಿಲ್ಲ. ಮೇ ತಿಂಗಳಿಂದ ಆಗಸ್ಟ್‌ವರೆಗೆ ದೈತ್ಯ ಕಟಲ್‌ಫಿಶ್‌ಗಳು, ಅಂದರೆ ಮಲ್ಪೆಯ ಬಂದರಿನಲ್ಲಿ ಕಪ್ಪೆ ಬೊಂಡಾಸ್ ಎಂದು ಮಾರುವ ಜೀವಿಯ ಹಿರಿಯಣ್ಣಂದಿರು, ಸಾವಿರ ಸಾವಿರ ಸಂಖ್ಯೆಯಲ್ಲಿ ಸಂತಾನಕ್ಕಾಗಿ ಇಲ್ಲಿನ ಕಲ್ಲು ತೀರಕ್ಕೆ ಬರುತ್ತವೆ. ದೋಣಿ ಬೇಕಿಲ್ಲ, ದಡದಿಂದ ನಡೆದೇ ಇಳಿಯಬಹುದು. ಆಳವೂ ಕೆಲವೇ ಮೀಟರ್. ಎರಡು ದೊಡ್ಡ ಗಂಡುಗಳು ಎದುರುಬದುರಾಗಿ ತೋಳುಗಳನ್ನು ಹರಡಿ ನಿಂತಾಗ, ಅವುಗಳ ಮೈಮೇಲೆ ಕಪ್ಪು ಬಿಳುಪಿನ ಪಟ್ಟೆಗಳು ಅಲೆಯಂತೆ ಹರಿದಾಡುತ್ತವೆ. ಅವು ಹೀಗೆ ಜಗಳದಲ್ಲಿ ಮುಳುಗಿರುವಾಗ, ಪುಟ್ಟ ಗಂಡೊಂದು ತೋಳುಗಳನ್ನು ಒಳಗೆಳೆದುಕೊಂಡು, ಹೆಣ್ಣಿನ ಬಣ್ಣ ತಾಳಿ, ಇಬ್ಬರ ನಡುವೆಯೇ ನುಸುಳಿ ಹೆಣ್ಣನ್ನು ಸೇರುವುದನ್ನು ನಾನು ಒಂದು ಕೈಯಳತೆ ದೂರದಿಂದ ನೋಡಿದ್ದೇನೆ; ಬಾಯಲ್ಲಿ ಉಸಿರಾಟದ ರೆಗ್ಯುಲೇಟರ್ ಇದ್ದರೂ ನಗು ತಡೆಯಲಾಗದೆ ಮಾಸ್ಕಿನೊಳಗೆ ನೀರು ತುಂಬಿಕೊಂಡಿತ್ತು. ಆ ನೀರು 12–13 ಡಿಗ್ರಿ ಇರುತ್ತದೆ. ನೇತ್ರಾಣಿಯ ಬೆಚ್ಚನೆಯ ನೀರಿಗೆ ಒಗ್ಗಿದವರು ಏಳು ಮಿಲಿಮೀಟರ್ ದಪ್ಪದ ಸೂಟು, ತಲೆಗವಸು, ಕೈಗವಸು ಇಲ್ಲದೆ ಇಳಿಯುವುದು ಬೇಡ.

ಕೊನೆಗೆ ಪರ್ತ್‌ನ ಮೂಲಕ ಪಶ್ಚಿಮ ತೀರದ ಹವಳದ ದಿಬ್ಬವಾದ ನಿಂಗಲೂಗೆ. ಅಲ್ಲಿನ ಊರು ಎಕ್ಸ್‌ಮೌತ್ ಪರ್ತ್‌ನಿಂದ ಉತ್ತರಕ್ಕೆ ಸುಮಾರು 1250 ಕಿಲೋಮೀಟರ್ ದೂರವಿರುವುದರಿಂದ ವಿಮಾನದಲ್ಲಿ ಹೋಗುವುದು ಜಾಣತನ. ತಿಮಿಂಗಿಲ ಶಾರ್ಕ್‌ಗಳು ಅಲ್ಲಿ ಮಾರ್ಚ್ ಮಧ್ಯದಿಂದ ಜುಲೈವರೆಗೆ ಇರುತ್ತವೆ. ಪುಟ್ಟ ವಿಮಾನವೊಂದು ಮೇಲಿನಿಂದ ಅವುಗಳನ್ನು ಗುರುತಿಸಿ ದೋಣಿಗೆ ತಿಳಿಸುತ್ತದೆ. ಒಂದು ಮೀನಿನ ಜೊತೆ ಒಮ್ಮೆಗೆ ಹತ್ತು ಜನರಿಗಿಂತ ಹೆಚ್ಚು ಮಂದಿ ನೀರಿನಲ್ಲಿರುವಂತಿಲ್ಲ. ಮಿಂಕಿಯಂತೆ ಇಲ್ಲಿಯೂ ಸ್ನಾರ್ಕೆಲ್, ಅಂದರೆ ಉಸಿರಾಟದ ಕೊಳವೆ ಮಾತ್ರ, ಗಾಳಿಯ ಸಿಲಿಂಡರ್‌ಗೆ ಅವಕಾಶವಿಲ್ಲ. ಆದ್ದರಿಂದ ಹೊರಡುವ ಮೊದಲು ಚೆನ್ನಾಗಿ ಈಜಲು ಕಲಿಯಿರಿ. ಆ ಮೀನು ನಿಧಾನವಾಗಿ ಸಾಗುವಂತೆ ಕಂಡರೂ ಅದರ ಜೊತೆ ಹೋಗುವಷ್ಟರಲ್ಲಿ ಉಸಿರು ಕಟ್ಟುತ್ತದೆ. ಮ್ಯಾಂಟಾ, ಅಂದರೆ ತೊರಕೆಯ ದೈತ್ಯ ನೆಂಟನನ್ನು ನೋಡಬೇಕೆಂದರೆ, ಅಲ್ಲೇ ದಕ್ಷಿಣಕ್ಕಿರುವ ಕೋರಲ್ ಬೇಗೆ ಹೋಗಿ.

ಟೌನ್ಸ್‌ವಿಲ್ ಬಳಿ 1911ರ ಚಂಡಮಾರುತದಲ್ಲಿ 122 ಜನರೊಂದಿಗೆ ಮುಳುಗಿದ ಯೊಂಗಾಲಾ ಹಡಗಿನ ಬಗ್ಗೆಯೂ ನೀವು ಓದಿರಬಹುದು. ಅದು ಸುಮಾರು 30 ಮೀಟರ್ ಆಳದಲ್ಲಿದೆ, ಸೆಳೆತವೂ ಹೆಚ್ಚು. ಓಪನ್ ವಾಟರ್ ಕೋರ್ಸ್ ಮುಗಿಸಿದ್ದಕ್ಕೆ ಸಿಕ್ಕ ನಿಮ್ಮ ಕಾರ್ಡು 18 ಮೀಟರ್‌ಗಷ್ಟೇ ಆದ್ದರಿಂದ, ಅಡ್ವಾನ್ಸ್ಡ್ ಕೋರ್ಸ್ ಮಾಡದೆ ಅದನ್ನು ಪಟ್ಟಿಗೆ ಸೇರಿಸಬೇಡಿ.

ನೇತ್ರಾಣಿಯಲ್ಲಿ ಬೋಧಕರು ನಿಮ್ಮ ಬೆನ್ನಿಗೇ ಇದ್ದಿರುತ್ತಾರೆ. ಕೇರ್ನ್ಸ್‌ನ ಹಡಗುಗಳಲ್ಲಿ ಕಾರ್ಡಿರುವವರನ್ನು ಜೊತೆಗಾರರೊಂದಿಗೆ ಇಳಿಸಿಬಿಡುವುದು ರೂಢಿ, ಮಾರ್ಗದರ್ಶಿ ಬೇಕಾದರೆ ಬೇರೆ ಹಣ ಕೊಡಬೇಕಾಗುತ್ತದೆ. ದಿಕ್ಸೂಚಿ ನೋಡಿ ಹಡಗಿಗೆ ಮರಳುವ ಅಭ್ಯಾಸವಿಲ್ಲದಿದ್ದರೆ ಆ ಹಣವನ್ನು ಕೊಟ್ಟುಬಿಡಿ. ಇನ್ನೊಂದು ಮಾತು ನೀರಿಗಿಳಿಯುವ ಮೊದಲು ತುಂಬಿಕೊಡಬೇಕಾದ ಆರೋಗ್ಯದ ಅರ್ಜಿಯ ಕುರಿತು. ಬಾಲ್ಯದಲ್ಲಿ ನನಗಿದ್ದ ಗೂರಲನ್ನು ಪ್ರಾಮಾಣಿಕವಾಗಿ ಬರೆದು, ವೈದ್ಯರ ಪತ್ರ ಒಯ್ಯದಿದ್ದ ತಪ್ಪಿಗೆ, ಒಮ್ಮೆ ಇಡೀ ದಿನ ಹಡಗಿನ ಮೇಲೆಯೇ ಕುಳಿತು ಇತರರ ಗುಳ್ಳೆಗಳನ್ನು ಎಣಿಸಿದೆ. ರಕ್ತದೊತ್ತಡವಿರಲಿ, ಗೂರಲಿರಲಿ, ಡೈವಿಂಗ್ ಬಲ್ಲ ವೈದ್ಯರಿಂದ ಪತ್ರವನ್ನು ಊರಿನಲ್ಲೇ ಪಡೆದು ಬನ್ನಿ.

ಈ ಮೂರು ಊರುಗಳ ನಡುವೆ ವಿಮಾನವೇ ಗತಿಯಾದ್ದರಿಂದ, ಪ್ರತಿ ಊರಿನ ಕೊನೆಯ ಡೈವ್ ಮತ್ತು ವಿಮಾನದ ನಡುವೆ ಕನಿಷ್ಠ 18 ಗಂಟೆ, ಸಾಧ್ಯವಾದರೆ ಒಂದು ಪೂರ್ಣ ದಿನ, ಬಿಡುವಿರಲಿ. ಮಿಂಕಿ ಕಾಲದ ಹಡಗುಗಳು ತಿಂಗಳುಗಟ್ಟಲೆ ಮೊದಲೇ ಭರ್ತಿಯಾಗುತ್ತವೆ. ಆದ್ದರಿಂದ ಮೊದಲು ಅಲ್ಲಿ ಜಾಗ ಗೊತ್ತುಮಾಡಿಕೊಂಡು, ಆ ದಿನಾಂಕಕ್ಕೆ ಹೊಂದುವಂತೆ ಉಳಿದೆರಡನ್ನು ಜೋಡಿಸಿಕೊಳ್ಳಿ.