ತಾಳೆಗರಿ ಕಟ್ಟಿಗೆ ಯಾವ ಎಣ್ಣೆ ಹಚ್ಚಿದರೆ ಮೂಡಬಿದಿರೆಯ ಗ್ರಂಥಗಳ ಹಾಗೆ 900 ವರ್ಷ ಉಳಿಯುತ್ತದೆ?

ದಯವಿಟ್ಟು ಎಣ್ಣೆ ಬಾಟಲಿ ಕೆಳಗಿಡಿ. ಅಜ್ಜನ ಮನೆ ಅಟ್ಟದಲ್ಲಿ ಓಲೆಗರಿ ಕಟ್ಟು ಸಿಕ್ಕಿದೆ, ಅಂಚು ಪುಡಿಯಾಗ್ತಿದೆ, ಮಳೆ ಹಿಡಿಯೋ ಮುಂಚೆ ಏನಾದರೂ ಹಚ್ಚಿ ಗಾಳಿಯಾಡದ ಹಾಗೆ ಭದ್ರವಾಗಿ ಮುಚ್ಚಿಡಬೇಕು ಅಂತ ಬರೆದಿದ್ದೀರಿ. ಇದನ್ನೇ ನಾನೂ ಮಾಡಿದ್ದೆ. ಅದೇ ಆತುರ, ಅದೇ ಮಳೆಗಾಲದ ಭಯ.

ನಮ್ಮದು ತೀರ್ಥಹಳ್ಳಿ ಕಡೆಯ ಮನೆ. ಅಟ್ಟದಲ್ಲಿ ಎರಡು ಕಟ್ಟು ಇದ್ದವು. ಒಂದು ಜೈಮಿನಿ ಭಾರತ. ಇನ್ನೊಂದರಲ್ಲಿ ಮುತ್ತಜ್ಜ ಬರೆದಿಟ್ಟ ಮದ್ದಿನ ವಿವರ. ದನಕ್ಕೆ ಹೊಟ್ಟೆ ಉಬ್ಬರಿಸಿದರೆ ಏನು ಕುಡಿಸಬೇಕು, ಬಾಣಂತಿಗೆ ಯಾವ ಕಷಾಯ, ಸರ್ಪಸುತ್ತಿಗೆ ಯಾವ ಲೇಪ, ಎಲ್ಲ ಅದರಲ್ಲಿತ್ತು. ಗರಿಗಳು ಮಾಸಲು ಕಂದು ಬಣ್ಣ. ಅಕ್ಷರ ಇದೆಯೋ ಇಲ್ಲವೋ ಅಂತ ಬೆಳಕಿಗೆ ಓರೆಯಾಗಿ ಹಿಡಿದು ನೋಡಬೇಕಿತ್ತು. ಎಣ್ಣೆಗೆ ಮಸಿ ಕಲಸಿ ಹಚ್ಚಿದರೆ ಅಕ್ಷರ ಏಳುತ್ತೆ ಅಂತ ಯಾರೋ ಹೇಳಿದರು. ಮಜ್ಜಿಗೆಹುಲ್ಲಿನ ಎಣ್ಣೆ ಬೇಕು ಅಂದಿದ್ದರು, ಅದು ಸಿಗಲಿಲ್ಲ. ಕೊಬ್ಬರಿ ಎಣ್ಣೆ ತಗೊಂಡೆ.

ಅಕ್ಷರ ಎದ್ದಿದ್ದು ನಿಜ. ಬಟ್ಟೆಯಲ್ಲಿ ಒರೆಸುತ್ತಾ ಹೋದ ಹಾಗೆ ಮಸಿ ಗೀರುಗಳಲ್ಲಿ ಕೂತು, ಏನೂ ಇಲ್ಲದ ಗರಿಯ ಮೇಲೆ ಕಪ್ಪಗೆ ಸಾಲು ಮೂಡಿತು. ‘ಹಿಪ್ಪಲಿ’ ಅಂತ ಓದಿದೆ, ‘ಜೇನಿನಲ್ಲಿ ಅರೆದು’ ಅಂತ ಓದಿದೆ. ಪದಗಳ ನಡುವೆ ಜಾಗವೇ ಇರಲಿಲ್ಲ, ಆದರೂ ನಮ್ಮ ಕನ್ನಡವೇ ಅಲ್ವಾ, ತಡವರಿಸಿಕೊಂಡು ಓದಬಹುದಿತ್ತು. ಆ ಖುಷಿಯಲ್ಲಿ ಎರಡೂ ಕಟ್ಟಿಗೆ ಧಾರಾಳವಾಗಿ ಹಚ್ಚಿದೆ. ಆಮೇಲೆ ಹಳೇ ಮರದ ಹಲಗೆ, ಮಾಸಿದ ಬಟ್ಟೆ ಎಲ್ಲ ತೆಗೆದು ಪಕ್ಕಕ್ಕಿಟ್ಟು, ಎರಡನ್ನೂ ದಪ್ಪ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ, ಕಬ್ಬಿಣದ ಬೀರುವಿನಲ್ಲಿ ಬೀಗ ಹಾಕಿ ಇಟ್ಟೆ. ಮಳೆಗಾಲ ಪೂರ್ತಿ ತೆಗೆಯಲೇ ಇಲ್ಲ.

ದೀಪಾವಳಿ ಕಳೆದು ತೆಗೆದಾಗ ಮೊದಲು ಬಂದದ್ದು ಕಮಟು ವಾಸನೆ. ಒಳಗೆ ಗರಿಗಳೆಲ್ಲ ಅಂಟಿಕೊಂಡು ಒಂದೇ ಗಟ್ಟಿಯಾಗಿದ್ದವು, ಅಂಚಿನಲ್ಲಿ ಬಿಳಿ ಬೂಸು. ತೆಳ್ಳನೆ ಚಾಕು ತೂರಿಸಿ ಬಿಡಿಸೋಕೆ ಹೋದೆ. ಒಂದು ಗರಿಯ ಮೇಲ್ಪದರ ಸಿಪ್ಪೆಯ ಹಾಗೆ ಎದ್ದು ಇನ್ನೊಂದು ಗರಿಗೆ ಅಂಟಿಕೊಂಡು ಬಂತು. ಅಕ್ಷರ ಕೊರೆದಿದ್ದು ಆ ಸಿಪ್ಪೆಯಲ್ಲೇ. ಕೆಳಗೆ ಬರೀ ನಾರು ಉಳಿಯಿತು. ಮದ್ದಿನ ಕಟ್ಟಿನಲ್ಲಿ ಅರ್ಧಕ್ಕಿಂತ ಜಾಸ್ತಿ ಹೋಯಿತು.

ಆಮೇಲೆ ಹಸ್ತಪ್ರತಿ ವಿಭಾಗದಲ್ಲಿ ಕೆಲಸ ಮಾಡಿದ ಹಿರಿಯರೊಬ್ಬರಿಗೆ ತೋರಿಸಿದೆ. ಕೊಬ್ಬರಿ ಎಣ್ಣೆ ತಪ್ಪೇ, ಜಿಡ್ಡು ಧೂಳು ಹಿಡಿಯುತ್ತೆ, ಹುಳ ಕರೆಯುತ್ತೆ ಅಂದರು. ಆದರೆ ಬರೀ ಎಣ್ಣೆಯಾಗಿದ್ದರೆ ಸುಮಾರಾಗಿ ಉಳಿಸಬಹುದಿತ್ತಂತೆ. ನಾನು ಎಡವಿದ್ದು ಮುಚ್ಚಿಟ್ಟಿದ್ದರಲ್ಲಿ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದರೆ ನೀವು ‘ಗಾಳಿಯಾಡದ ಹಾಗೆ’ ಅಂತ ಬರೆದಿದ್ದೀರಿ.

ತಾಳೆಗರಿ ಮರದಿಂದ ಬಂದದ್ದು. ಎಳೆಯ ಗರಿ ಕುಯ್ದು, ಒಣಗಿಸಿ, ನೀರಲ್ಲಿ ಬೇಯಿಸಿ, ಮತ್ತೆ ಒಣಗಿಸಿ, ತಿಕ್ಕಿ ನಯ ಮಾಡಿ, ಒಂದೇ ಅಳತೆಗೆ ಕತ್ತರಿಸಿ ಅದರ ಮೇಲೆ ಕಂಟ ಅನ್ನೋ ಚೂಪು ಲೇಖನಿಯಿಂದ ಕೊರೆಯುತ್ತಿದ್ದರು. ಇಷ್ಟೆಲ್ಲ ಮಾಡಿದರೂ ಅದು ಗಾಳಿಯ ತೇವ ಹೀರೋದು, ಬಿಡೋದು ನಿಲ್ಲಿಸುವುದಿಲ್ಲ. ಮರದ ಹಲಗೆ, ಹತ್ತಿ ಬಟ್ಟೆ ಎರಡೂ ಈ ತೇವವನ್ನು ನಿಧಾನವಾಗಿ ಒಳಗೆ ಹೊರಗೆ ಬಿಡುತ್ತವೆ. ಪ್ಲಾಸ್ಟಿಕ್ ಬಿಡುವುದಿಲ್ಲ. ನಾನು ಮುಚ್ಚಿದ ದಿನ ಒಳಗಿದ್ದ ತೇವ ಅಲ್ಲೇ ಉಳಿಯಿತು. ಹಸಿ ಅಡಿಕೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಏನಾಗುತ್ತೆ ಅಂತ ಮಲೆನಾಡಿನವನಾದ ನನಗೆ ಗೊತ್ತಿತ್ತು, ಗರಿಗೂ ಅದೇ ಆಗುತ್ತೆ ಅಂತ ಹೊಳೆಯಲಿಲ್ಲ. ಹಳೇ ಹಲಗೆ ತೆಗೆದಿದ್ದು ಇನ್ನೊಂದು ಪೆಟ್ಟು. ಹಲಗೆಯ ಒತ್ತು ಗರಿಯನ್ನು ಸಮನಾಗಿ ಹಿಡಿದಿರುತ್ತೆ. ನನ್ನ ರಬ್ಬರ್ ಬ್ಯಾಂಡ್ ನಡುವೆ ಬಿಗಿಯಾಗಿ, ತುದಿಗಳಲ್ಲಿ ಸಡಿಲ ಬಿಟ್ಟಿತು, ಸಡಿಲ ಇದ್ದ ಕಡೆ ಗರಿ ಸುರುಳಿಯಾಗಿ ಬಿರಿಯಿತು. ಇದೆಲ್ಲದಕ್ಕಿಂತ ದೊಡ್ಡದು, ನಾನು ತೆಗೆದು ನೋಡಲಿಲ್ಲ. ವಾರಕ್ಕೊಮ್ಮೆ ಕೈ ಹಾಕಿದ್ದರೆ ಬೂಸು ಶುರುವಾದಾಗಲೇ ಕಾಣುತ್ತಿತ್ತು.

ಹಿಂದಿನವರಿಗೆ ಇದೆಲ್ಲ ಚೆನ್ನಾಗಿ ಗೊತ್ತಿತ್ತು. ಹಳೇ ಪ್ರತಿಗಳ ಕೊನೆಯಲ್ಲಿ ಲಿಪಿಕಾರರು ಬರೆಯುತ್ತಿದ್ದ ಒಂದು ಸಂಸ್ಕೃತ ಶ್ಲೋಕ ಇದೆ. ಅದರಲ್ಲಿ ಪುಸ್ತಕವೇ ಮಾತಾಡುತ್ತೆ: ನನ್ನನ್ನು ಎಣ್ಣೆಯಿಂದ ಕಾಪಾಡು, ನೀರಿನಿಂದ ಕಾಪಾಡು, ಸಡಿಲ ಕಟ್ಟಿನಿಂದ ಕಾಪಾಡು, ಮೂರ್ಖನ ಕೈಗೆ ಕೊಡಬೇಡ. ಅದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ.

ಈಗ ನಿಮ್ಮ ಮೂಡಬಿದಿರೆಗೆ ಬರುತ್ತೇನೆ. ಏನೋ ಒಂದು ಗುಟ್ಟಿನ ಎಣ್ಣೆಯಿಂದ ಅವು 900 ವರ್ಷ ಉಳಿದವು ಅಂತ ನೀವು ಅಂದುಕೊಂಡಿದ್ದೀರಿ. ನಾನು ಒಪ್ಪುವುದಿಲ್ಲ. ಅಲ್ಲಿನ ಸಿದ್ಧಾಂತ ಬಸದಿಯಲ್ಲಿದ್ದ ಧವಲಾ, ಜಯಧವಲಾ, ಮಹಾಧವಲಾ ಅನ್ನೋ ಜೈನ ಸಿದ್ಧಾಂತ ಗ್ರಂಥಗಳ ಪ್ರತಿಗಳನ್ನೇ ನೋಡಿ. ವೀರಸೇನಾಚಾರ್ಯರು ಧವಲಾ ವ್ಯಾಖ್ಯಾನ ಮುಗಿಸಿದ್ದು ಕ್ರಿ.ಶ. 816ರಲ್ಲಿ ಅಂತ ಹೇಳುತ್ತಾರೆ. ಅವರ ಶಿಷ್ಯ ಜಿನಸೇನರು ಜಯಧವಲಾ ಮುಗಿಸಿದ್ದು 837ರಲ್ಲಿ. ಮೂಡಬಿದಿರೆಯ ಧವಲಾ ಗರಿಗಳೋ 12ನೇ ಶತಮಾನದವು, ಹೊಯ್ಸಳರ ಕಾಲದವು, ಹಳಗನ್ನಡ ಲಿಪಿಯವು. ನಡುವೆ ಸುಮಾರು ಮುನ್ನೂರು ವರ್ಷ! ವೀರಸೇನರು ಕೈಯಾರೆ ಬರೆದ ಪ್ರತಿ ಉಳಿದಿಲ್ಲ, ಉಳಿದದ್ದು ನಕಲು. ಅಂದರೆ ಆ 900 ವರ್ಷದ ಪವಾಡಕ್ಕೂ ಮುಂಚೆ ಯಾರೋ ಕೂತು, ಬೆನ್ನು ನೋಯಿಸಿಕೊಂಡು, ಸಾವಿರಾರು ಸಾಲು ನಕಲು ಮಾಡಿದ್ದಾರೆ.

ಆ ಗರಿಗಳಾದರೂ ಪೂರ್ತಿ ಸುರಕ್ಷಿತವಾಗಿದ್ದವೇ? ಇಲ್ಲ. ಮಹಾಧವಲಾದ ಕೆಲವು ಗರಿಗಳು ಹಾಳಾಗಿ ಅಲ್ಲಲ್ಲಿ ಪಾಠವೇ ತುಂಡಾಗಿದೆ. ಹೊರಗಿನವರ ಕೈಗೆ ಸಿಗದೆ ಬಹಳ ಕಾಲ ಅವು ದರ್ಶನಕ್ಕೆ, ಪೂಜೆಗೆ ಮಾತ್ರ ಇದ್ದವು. 1896ರ ಸುಮಾರಿಗೆ ನಕಲು ಕೆಲಸ ಶುರುವಾಗಿ ದಶಕಗಳ ಕಾಲ ನಡೆಯಿತು. ನಕಲು ಮಾಡುತ್ತಿದ್ದ ಗಜಪತಿ ಉಪಾಧ್ಯಾಯರು ತಮ್ಮ ಪತ್ನಿ ಲಕ್ಷ್ಮೀಬಾಯಿಯವರ ಜೊತೆ ಸೇರಿ ಗುಟ್ಟಾಗಿ ಕನ್ನಡ ಲಿಪಿಯಲ್ಲಿ ಇನ್ನೊಂದು ಪ್ರತಿ ಮಾಡಿಕೊಂಡರು. ಅದು ಉತ್ತರದ ಸಹಾರನ್‌ಪುರ ಸೇರಿತು. ಅಲ್ಲಿಂದ ನಾಗರಿ ಲಿಪಿಗೆ ಬಂದು, ಮತ್ತೆ ಹಲವು ನಕಲಾಗಿ, ಕೊನೆಗೆ ಧವಲಾ ಹೀರಾಲಾಲ್ ಜೈನ್ ಅವರ ಸಂಪಾದನೆಯಲ್ಲಿ 1939ರಿಂದ 16 ಸಂಪುಟಗಳಾಗಿ ಅಚ್ಚಾಯಿತು. ಗುಟ್ಟಾಗಿ ಹೊರಗೆ ಒಯ್ದದ್ದು ಸರಿಯೋ ತಪ್ಪೋ ಅಂತ ಬೇಕಾದಷ್ಟು ಜಗಳ ಆಡಬಹುದು. ಆದರೆ ಇವತ್ತು ಬಸದಿಗೆ ಹೋಗದೆಯೂ ಆ ಗ್ರಂಥ ಓದಲು ಸಿಗುತ್ತಿರುವುದು ಆ ಗಂಡ ಹೆಂಡತಿಯ ಕೈಬರಹದಿಂದ ಅಂತ ನಾನು ಖಂಡಿತ ಹೇಳುತ್ತೇನೆ.

ಗರಿ ಉಳಿಸುವುದು ಮುಖ್ಯವೇ. ಆದರೆ ಬರೆದದ್ದು ಉಳಿಯುವುದು ನಕಲಿನಿಂದ. ಅತ್ತಿಮಬ್ಬೆ ಮಾಡಿದ್ದು ಇದನ್ನೇ ಅಲ್ವಾ? ಪೊನ್ನನ ಶಾಂತಿಪುರಾಣದ ಒಂದು ಸಾವಿರ ಪ್ರತಿ ಮಾಡಿಸಿ ಹಂಚಿದಳು. ಅಚ್ಚಿನ ಯಂತ್ರ ಇಲ್ಲದ ಕಾಲ, ಒಂದೊಂದು ಪ್ರತಿಯೂ ಕೈಯಲ್ಲೇ ಆಗಬೇಕು. ಒಂದು ಪ್ರತಿಯನ್ನು ಗಟ್ಟಿ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುವ ಯೋಚನೆ ಅವಳಿಗೆ ಬರಲಿಲ್ಲ.

ನನ್ನ ಎರಡು ಕಟ್ಟಿನ ವಿಷಯದಲ್ಲೂ ಹೀಗೇ ಆಯಿತು. ಜೈಮಿನಿ ಭಾರತದ ಗರಿಗಳೂ ಹಾಳಾದವು, ಅದಕ್ಕೆ ದುಃಖ ಇದೆ, ಆದರೆ ಲಕ್ಷ್ಮೀಶನ ಕಾವ್ಯಕ್ಕೆ ಏನೂ ಆಗಲಿಲ್ಲ. ನಾಡಿನ ತುಂಬ ಅದರ ಪ್ರತಿಗಳಿವೆ, ಅಂಗಡಿಯಲ್ಲಿ ಪುಸ್ತಕವೂ ಸಿಗುತ್ತೆ. ಮುತ್ತಜ್ಜನ ಮದ್ದಿಗೆ ಇದ್ದದ್ದು ಅದೊಂದೇ ಪ್ರತಿ. ಸರ್ಪಸುತ್ತಿನ ಲೇಪಕ್ಕೆ ಏನೇನು ಹಾಕುತ್ತಿದ್ದರು ಅನ್ನೋದು ಈಗ ಯಾರಿಗೂ ಗೊತ್ತಿಲ್ಲ. ಎಣ್ಣೆ ಹಚ್ಚಿದ ದಿನ ಅಕ್ಷರ ಅಷ್ಟು ಚೆನ್ನಾಗಿ ಎದ್ದಿತ್ತು, ಕೈಯಲ್ಲಿ ಫೋನ್ ಇತ್ತು, ಒಂದು ಫೋಟೊ ತೆಗೆಯಬೇಕು ಅಂತ ಅನ್ನಿಸಲಿಲ್ಲ.

ಇನ್ನೊಂದು ಮಾತು ಕೇಳಿದ್ದೀರಿ: ಅಜ್ಜನ ಕಾಲದವರೆಗೂ ಚೆನ್ನಾಗಿದ್ದದ್ದು ಈಗ್ಯಾಕೆ ಪುಡಿಯಾಗ್ತಿದೆ? ಆ ಅಟ್ಟದ ಕೆಳಗೆ ಹಿಂದೆ ಸೌದೆ ಒಲೆ ಇತ್ತಾ ಅಂತ ಮನೆಯಲ್ಲಿ ಕೇಳಿ ನೋಡಿ. ನಮ್ಮಲ್ಲಿ ಇತ್ತು. ಒಲೆಯ ಹೊಗೆ, ಕಾವು ಅಟ್ಟಕ್ಕೆ ತಾಗಿ ಹುಳ, ತೇವ ಎರಡನ್ನೂ ದೂರ ಇಡುತ್ತಿತ್ತು. ಗ್ಯಾಸ್ ಬಂತು, ಹೊಗೆ ನಿಂತಿತು. ಮಳೆಗಾಲದ ರಾತ್ರಿ ಕಟ್ಟು ಬಿಚ್ಚಿ ಓದಿಸುವುದೂ ನಿಂತಿತು. ಜೈನರಲ್ಲಿ ಶ್ರುತಪಂಚಮಿ ಅಂತ ಇದೆ, ಜ್ಯೇಷ್ಠ ಶುದ್ಧ ಪಂಚಮಿ. ಅವತ್ತು ಗ್ರಂಥಗಳನ್ನು ಹೊರಗೆ ತೆಗೆದು, ಧೂಳು ಒರೆಸಿ, ಬಟ್ಟೆ ಬದಲಿಸಿ ಪೂಜೆ ಮಾಡುತ್ತಾರೆ. ಮಳೆಗಾಲದ ಬಾಗಿಲಲ್ಲೇ ಬರುವ ಹಬ್ಬ. ನಮ್ಮಲ್ಲಿ ಸರಸ್ವತಿ ಪೂಜೆಗೆ ಪುಸ್ತಕ ಇಡುವುದು ನವರಾತ್ರಿಯಲ್ಲಿ, ಮಳೆ ಇಳಿದ ಮೇಲೆ. ವರ್ಷಕ್ಕೊಂದು ಸಲವಾದರೂ ಕಟ್ಟಿಗೆ ಮನುಷ್ಯರ ಕಣ್ಣು, ಕೈ ತಾಗಲೇಬೇಕಿತ್ತು. ಕಲಬುರಗಿ ಜಿಲ್ಲೆಯ ನಾಗಾವಿಯಲ್ಲಿ 1058ರ ಶಾಸನ ಇದೆ. ಅಲ್ಲಿನ ಘಟಿಕಾಸ್ಥಾನದಲ್ಲಿ, ಅಂದರೆ ಆ ಕಾಲದ ವಿದ್ಯಾಕೇಂದ್ರದಲ್ಲಿ, ವೇದ ಓದುವ ಇನ್ನೂರು ವಿದ್ಯಾರ್ಥಿಗಳ ಜೊತೆಗೆ ಆರು ಜನ ಸರಸ್ವತಿ ಭಂಡಾರಿಗರೂ ಇದ್ದರು ಅಂತ ಅದು ಹೇಳುತ್ತೆ. ಪುಸ್ತಕ ನೋಡಿಕೊಳ್ಳೋಕೆ ಅಂತಲೇ ಆರು ಜನ! ಅವರಿಗೆ ಜೀವನಕ್ಕೆ ಭೂಮಿ ಬಿಟ್ಟಿದ್ದರು. ಎಣ್ಣೆಯಲ್ಲಿ ಕೆಲಸ ಆಗಿದ್ದರೆ ಇಷ್ಟು ಜನ ಯಾಕೆ ಬೇಕಿತ್ತು, ಹೇಳಿ?

ಎಣ್ಣೆ ಹಚ್ಚಲೇಬಾರದು ಅಂತಲ್ಲ. ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದಂಥ ಕಡೆ ಮಜ್ಜಿಗೆಹುಲ್ಲಿನ ಎಣ್ಣೆ ಹಚ್ಚುತ್ತಾರೆ. ಅದರಿಂದ ಒಣಗಿದ ಗರಿ ಮುರಿಯದೆ ಸ್ವಲ್ಪ ಬಾಗುವಷ್ಟು ಮೆದುವಾಗುತ್ತೆ, ಹುಳ ದೂರ ಇರುತ್ತೆ. ಆದರೆ ಅವರು ಮೊದಲು ಧೂಳು ತೆಗೆದು, ಅಕ್ಷರ ಕೊರೆದದ್ದೋ ಶಾಯಿಯಲ್ಲಿ ಬರೆದದ್ದೋ ಅಂತ ನೋಡಿ, ಎಷ್ಟು ಬೇಕೋ ಅಷ್ಟೇ ಹಚ್ಚಿ, ಆರಲು ಬಿಟ್ಟು ಆಮೇಲೆ ಕಟ್ಟುತ್ತಾರೆ. ಶಾಯಿಯಲ್ಲಿ ಬರೆದ ಗರಿಗೆ ಎಣ್ಣೆ ಒರೆಸಿದರೆ ಅಕ್ಷರವೇ ಹೋಗಬಹುದು. ಇದು ಯೂಟ್ಯೂಬ್ ನೋಡಿ ಮಾಡುವ ಕೆಲಸ ಅಲ್ಲ.

ಲ್ಯಾಮಿನೇಷನ್ ಅಂತ ನಿಮ್ಮ ಮಾವ ಹೇಳಿದ್ದಕ್ಕೆ ಒಂದೇ ಉತ್ತರ, ಬೇಡ. ಬಿಸಿಗೆ ಗರಿ ಬಿರಿಯುತ್ತೆ, ಆ ಪ್ಲಾಸ್ಟಿಕ್ಕನ್ನು ಮತ್ತೆ ಯಾರಿಂದಲೂ ಬಿಡಿಸಲು ಆಗುವುದಿಲ್ಲ.

ಈಗ ನೀವು ಮಾಡಬೇಕಾದ್ದು ಹೇಳುತ್ತೇನೆ. ಪ್ಲಾಸ್ಟಿಕ್ಕಿನಲ್ಲಿ ಇಟ್ಟಿದ್ದರೆ ಇವತ್ತೇ ತೆಗೆಯಿರಿ. ಬಿಸಿಲಿಗೆ ಹಾಕಬೇಡಿ, ನೆರಳಲ್ಲಿ ಗಾಳಿ ಆಡುವ ಕಡೆ ಇಡಿ. ದಾರ ಕತ್ತರಿಸಬೇಡಿ, ಒಮ್ಮೆ ಗರಿ ಕಲಸಿಹೋದರೆ, ಅಂಚಿನ ಅಂಕಿಯೂ ಹುಳದ ಪಾಲಾಗಿದ್ದರೆ, ಕ್ರಮ ಹಿಡಿಯೋದು ಪಂಡಿತರಿಗೂ ಕಷ್ಟ. ಎರಡೂ ಕೈಯಲ್ಲಿ ಗರಿಯನ್ನು ಅಡಿಯಿಂದ ಹಿಡಿದು, ಒಣ ಮೆತ್ತನೆ ಬ್ರಷ್‌ನಿಂದ ಧೂಳು ಮಾತ್ರ ತೆಗೆಯಿರಿ. ಅಂಟಿಕೊಂಡ ಗರಿ ಇದ್ದರೆ ಮುಟ್ಟಲೇಬೇಡಿ. ಕಿಟಕಿ ಪಕ್ಕ ಕೂತು ಪ್ರತಿ ಗರಿಯ ಎರಡೂ ಮಗ್ಗುಲಿನ ಫೋಟೊ ತೆಗೆಯಿರಿ. ಬೆಳಕು ಒಂದು ಕಡೆಯಿಂದ ಓರೆಯಾಗಿ ಬೀಳಲಿ, ಮಸಿ ಇಲ್ಲದೆಯೂ ಕೊರೆದ ಗೀರು ಕಾಣುತ್ತೆ. ಆ ಫೋಟೊಗಳನ್ನು ಸುಮ್ನೆ ಒಂದು ಪೆನ್‌ಡ್ರೈವಿಗೆ ಹಾಕಿ ಇಟ್ಟರೆ ಅದೂ ನನ್ನ ಬೀರುವೇ. ಅಣ್ಣ ತಮ್ಮಂದಿರಿಗೆ, ಹಸ್ತಪ್ರತಿ ಇಟ್ಟುಕೊಂಡ ಒಂದೆರಡು ಸಂಸ್ಥೆಗಳಿಗೆ ಕಳಿಸಿ. ಕನ್ನಡ ವಿಶ್ವವಿದ್ಯಾಲಯದಲ್ಲಿ ಹಸ್ತಪ್ರತಿ ವಿಭಾಗ ಇದೆ. ಮೂಡಬಿದಿರೆಯಲ್ಲಿ, ಧರ್ಮಸ್ಥಳದಲ್ಲಿ ಸಂಗ್ರಹಗಳಿವೆ. ಕಟ್ಟನ್ನು ಕೊಡಲು ಮನಸ್ಸಿಲ್ಲದಿದ್ದರೆ ಬೇಡ, ಏನು ಬರೆದಿದೆ ಅಂತ ಓದಿಸಿಕೊಂಡಾದರೂ ಬನ್ನಿ.

ಇದೆಲ್ಲ ಆದ ಮೇಲೆ ಹಳೇ ಹಲಗೆಯ ನಡುವೆಯೇ ಇಟ್ಟು, ತೊಳೆದು ಚೆನ್ನಾಗಿ ಒಣಗಿಸಿದ ಹತ್ತಿ ಬಟ್ಟೆಯಲ್ಲಿ ಹದವಾಗಿ ಕಟ್ಟಿ, ಜೊತೆಗೆ ಒಂದೆರಡು ಬಜೆ ಬೇರಿನ ತುಂಡು ಇಡಿ. ಮಳೆಗಾಲದಲ್ಲಿ ಆಗಾಗ ಬಿಚ್ಚಿ ನೋಡಿ. ನಿಮ್ಮ ಕಟ್ಟಿನಲ್ಲಿ ಏನಿದೆ ಅಂತ ಬರೆದಿಲ್ಲ. ಕಾವ್ಯವೋ, ಪಂಚಾಂಗವೋ, ಲೆಕ್ಕವೋ, ಮದ್ದೋ, ಮೊದಲ ಒಂದೆರಡು ಗರಿಯ ಫೋಟೊ ಹಾಕಿದರೆ ಓದೋಕೆ ನಾನೂ ಪ್ರಯತ್ನ ಮಾಡುತ್ತೇನೆ.